ಆನ್‌ಲೈನ್ ಗುಂಪು ಸಭೆಗೆ ಸರಿಯಾದ ವೇದಿಕೆ ಆರಿಸುವ ಕ್ರಮ

ಆನ್‌ಲೈನ್ ಸಭೆಗಳು ಕೆಡುವ ರೀತಿ ಬಹುತೇಕ ಎಲ್ಲ ಗುಂಪುಗಳಲ್ಲೂ ಒಂದೇ. ಸಭೆ ಕರೆಯುವವರು ತಮಗೆ ಪರಿಚಯವಿರುವ ಆ್ಯಪ್ ಒಂದನ್ನು ಮೊದಲೇ ನಿಶ್ಚಯಿಸಿಕೊಂಡು ಎಲ್ಲರಿಗೂ ಲಿಂಕ್ ಕಳುಹಿಸುತ್ತಾರೆ. ಸಭೆಯ ದಿನ ಇಬ್ಬರಿಗೆ ಧ್ವನಿ ಕೇಳುವುದಿಲ್ಲ, ಮತ್ತೊಬ್ಬರ ಹಳೆಯ ಫೋನಿನಲ್ಲಿ ಆ್ಯಪ್ ಇಳಿಯುವುದೇ ಇಲ್ಲ, ಮಾತು ತೀರ್ಮಾನದ ಹತ್ತಿರ ಬಂದಾಗ ಉಚಿತ ಯೋಜನೆಯ ಸಮಯ ಮುಗಿದು ಎಲ್ಲರೂ ಹೊರಬೀಳುತ್ತಾರೆ. ಬಳಿಕ ಬೇರೊಂದು ಆ್ಯಪ್ ಹುಡುಕುತ್ತಾರೆ. ಅದೂ ಇನ್ನಾವುದೋ ಕಾರಣಕ್ಕೆ ಕೈಕೊಡುತ್ತದೆ. ಇಂಥ ಕಡೆಗಳಲ್ಲಿ ದೋಷ ಸಾಮಾನ್ಯವಾಗಿ ಆಯ್ಕೆಯ ಕ್ರಮದಲ್ಲಿ ಇರುತ್ತದೆ. ವೇದಿಕೆಯ ಹೆಸರು ಲೆಕ್ಕದ ಕೊನೆಯಲ್ಲಿ ಬರಬೇಕು. ಲೆಕ್ಕ ಆರಂಭವಾಗಬೇಕಾದದ್ದು ಗುಂಪಿನಲ್ಲಿ ಅತ್ಯಂತ ದುರ್ಬಲ ಇಂಟರ್ನೆಟ್ ಮತ್ತು ಅತ್ಯಂತ ಹಳೆಯ ಫೋನ್ ಇರುವ ಸದಸ್ಯರಿಂದ. ಕೆಳಗಿನ ಎಂಟು ಹಂತಗಳನ್ನು ಅದೇ ದೃಷ್ಟಿಯಿಂದ ಜೋಡಿಸಲಾಗಿದೆ. ಹಂತಗಳನ್ನು ಹಿಂದು ಮುಂದು ಮಾಡಿದರೆ ಮಾಡಿದ ಕೆಲಸವನ್ನೇ ಮತ್ತೆ ಮಾಡಬೇಕಾಗುತ್ತದೆ.

ಮೊದಲೇ ಒದಗಿಸಿಕೊಳ್ಳಬೇಕಾದವು

ಟಿಪ್ಪಣಿಗೆ ಒಂದು ಹಾಳೆ ಅಥವಾ ಸ್ಪ್ರೆಡ್‌ಶೀಟ್, ಪರೀಕ್ಷೆಗೆ ಒಂದು ಕಂಪ್ಯೂಟರ್, ವೈ-ಫೈ ಬಿಟ್ಟು ಮೊಬೈಲ್ ಡೇಟಾದಲ್ಲಿ ಓಡುವ ಒಂದು ಫೋನ್, ತಂತಿಯ ಇಯರ್‌ಫೋನ್, ಮತ್ತು ಪ್ರಾಯೋಗಿಕ ಸಭೆಗೆ ಅರ್ಧ ಗಂಟೆ ಕೊಡಲು ಒಪ್ಪುವ ಕನಿಷ್ಠ ಇಬ್ಬರು ಸದಸ್ಯರು ಬೇಕು. ಆ ಇಬ್ಬರಲ್ಲಿ ಒಬ್ಬರಾದರೂ ತಂತ್ರಜ್ಞಾನದಲ್ಲಿ ಅಷ್ಟೇನೂ ಪಳಗದವರಾಗಿರಲಿ. ಎಲ್ಲ ಬಲ್ಲವರೇ ಸೇರಿ ಮಾಡಿದ ಪರೀಕ್ಷೆಯಲ್ಲಿ ಯಾವ ತೊಡಕೂ ಕಾಣಿಸಿಕೊಳ್ಳುವುದಿಲ್ಲ. ಅವೆಲ್ಲ ನಿಜವಾದ ಸಭೆಗಾಗಿ ಕಾದಿರುತ್ತವೆ.

ಹಂತ 1: ಸಭೆಯ ಬಗೆಯನ್ನು ನಿರ್ಧರಿಸಿ

ಹತ್ತು ಜನ ಸಮಾನವಾಗಿ ಮಾತನಾಡುವ ಚರ್ಚೆ, ಒಬ್ಬರು ಮಾತನಾಡಿ ಇನ್ನೂರು ಜನ ಕೇಳುವ ಉಪನ್ಯಾಸ, ಚಿಕ್ಕ ತಂಡಗಳಾಗಿ ಒಡೆದು ಮತ್ತೆ ಕೂಡುವ ತರಬೇತಿ, ಮತ ಹಾಕಿ ನಿರ್ಣಯ ಕೈಗೊಳ್ಳುವ ಸಮಿತಿ ಸಭೆ: ಇವು ನಾಲ್ಕೂ ಬೇರೆ ಬೇರೆ ಅಗತ್ಯಗಳು. ಚರ್ಚೆಗೆ ಬೇಕಾದದ್ದು ಸ್ಪಷ್ಟ ಧ್ವನಿ, ಮತ್ತು ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು ಬೀಳದಷ್ಟು ಕಡಿಮೆ ವಿಳಂಬ. ಉಪನ್ಯಾಸಕ್ಕೆ ಕೇಳುಗರ ಮೈಕ್ ಮತ್ತು ಕ್ಯಾಮೆರಾ ಮುಚ್ಚಿರುವ ವೆಬಿನಾರ್ ಮಾದರಿ ಹೊಂದುತ್ತದೆ. ತರಬೇತಿಗೆ ಬ್ರೇಕ್‌ಔಟ್ ರೂಮ್, ಅಂದರೆ ಸಭೆಯೊಳಗಿನ ಚಿಕ್ಕ ಉಪಕೋಣೆಗಳು, ಇಲ್ಲದೆ ಕೆಲಸ ಸಾಗದು. ಸಮಿತಿಗೆ ಹಾಜರಿ ಪಟ್ಟಿಯೂ ಮತಗಣನೆಯೂ ಬೇಕು.

ಸಭೆ ಎಷ್ಟು ಹೊತ್ತು, ಎಷ್ಟು ಜನ, ಎಷ್ಟು ದಿನಕ್ಕೊಮ್ಮೆ ಎಂಬುದನ್ನು ಇದೇ ಹಂತದಲ್ಲಿ ಬರೆದುಕೊಳ್ಳಿ. ಅವಧಿಯನ್ನು ಬರೆಯುವಾಗ ಕಾರ್ಯಸೂಚಿಯ ಸಮಯದ ಬದಲು ನಿಮ್ಮ ಹಿಂದಿನ ಸಭೆಗಳು ನಿಜವಾಗಿ ತೆಗೆದುಕೊಂಡ ಸಮಯವನ್ನು ಬರೆಯುವುದು ಒಳ್ಳೆಯದು. ಅರ್ಧ ಗಂಟೆಯ ಸಭೆ ಅರ್ಧ ಗಂಟೆಗೆ ಮುಗಿಯುವುದು ಅಪರೂಪ.

ಹಂತ 2: ಸದಸ್ಯರ ಸ್ಥಿತಿಗತಿಯನ್ನು ಕೇಳಿ ತಿಳಿಯಿರಿ

ಪ್ರತಿಯೊಬ್ಬರಿಗೂ ಈ ಪ್ರಶ್ನೆಗಳನ್ನು ಕಳುಹಿಸಿ: ಯಾವ ಸಾಧನದಿಂದ ಸೇರುತ್ತೀರಿ, ಮೊಬೈಲ್ ಡೇಟಾವೋ ವೈ-ಫೈಯೋ, ಆ ಸಾಧನದಲ್ಲಿ ಹೊಸ ಆ್ಯಪ್ ಹಾಕಲು ನಿಮಗೆ ಅನುಮತಿ ಮತ್ತು ಜಾಗ ಇದೆಯೇ, ಕೇಳಲು ಅಥವಾ ನೋಡಲು ಯಾವುದಾದರೂ ನೆರವು ಬೇಕೇ, ನೀವು ಯಾವ ಸಮಯವಲಯದಲ್ಲಿದ್ದೀರಿ. ಕೊನೆಯ ಪ್ರಶ್ನೆಯನ್ನು ಬಿಟ್ಟವರು ಬಹಳ. ಕೆಲವು ದೇಶಗಳಲ್ಲಿ ವರ್ಷಕ್ಕೆ ಎರಡು ಬಾರಿ ಗಡಿಯಾರವನ್ನು ಒಂದು ಗಂಟೆ ಸರಿಸುವುದರಿಂದ, ಆರು ತಿಂಗಳು ಸರಿಯಾಗಿ ನಡೆದ ಸಾಪ್ತಾಹಿಕ ಸಭೆಗೆ ಏಕಾಏಕಿ ಅರ್ಧ ಜನ ಒಂದು ಗಂಟೆ ತಡವಾಗಿ ಬರುವುದುಂಟು. ಸಮಯವನ್ನು ಕ್ಯಾಲೆಂಡರ್ ಆಹ್ವಾನವಾಗಿ ಕಳುಹಿಸುವ ಸೌಲಭ್ಯವಿರುವ ವೇದಿಕೆ ಈ ಗೊಂದಲವನ್ನು ಬಹುಮಟ್ಟಿಗೆ ತಪ್ಪಿಸುತ್ತದೆ, ಏಕೆಂದರೆ ಆಹ್ವಾನವು ಪ್ರತಿಯೊಬ್ಬರಿಗೂ ಅವರವರ ಸ್ಥಳೀಯ ಸಮಯವನ್ನೇ ತೋರಿಸುತ್ತದೆ.

ಆ್ಯಪ್ ಹಾಕುವ ಅನುಮತಿಯ ಪ್ರಶ್ನೆಯೂ ಹಾಗೆಯೇ ಮುಖ್ಯವಾದದ್ದು. ಕಚೇರಿಯ ಕಂಪ್ಯೂಟರ್‌ನಿಂದ ಸೇರುವವರಿಗೆ ಹೊಸ ತಂತ್ರಾಂಶ ಹಾಕುವ ಅಧಿಕಾರ ಅನೇಕ ಸಲ ಇರುವುದಿಲ್ಲ. ಅಂಥವರು ಬ್ರೌಸರ್‌ನಿಂದಲೇ ಸೇರಬೇಕು. ಉತ್ತರಗಳು ಬಂದ ಮೇಲೆ ಪಟ್ಟಿಯಲ್ಲಿ ಅತ್ಯಂತ ಕಷ್ಟದ ಸ್ಥಿತಿಯಲ್ಲಿರುವ ಒಬ್ಬ ಸದಸ್ಯರನ್ನು ಗುರುತಿಸಿ. ಮುಂದಿನ ಎಲ್ಲ ಹಂತಗಳಲ್ಲೂ ಪ್ರಶ್ನೆ ಒಂದೇ: ಈ ವ್ಯಕ್ತಿಯಿಂದ ಇದು ಸಾಧ್ಯವೇ?

ಹಂತ 3: ಇಂಟರ್ನೆಟ್‌ನ ಲೆಕ್ಕ ಹಾಕಿ

ವೇಗ ಪರೀಕ್ಷಿಸುವಾಗ ಹೆಚ್ಚಿನವರು ಡೌನ್‌ಲೋಡ್ ಅಂಕಿಯನ್ನು ಮಾತ್ರ ನೋಡುತ್ತಾರೆ. ಸಭೆಯಲ್ಲಿ ನಿಮ್ಮ ಮುಖ ಮತ್ತು ಮಾತು ಹೊರಗೆ ಹೋಗುವುದು ಅಪ್‌ಲೋಡ್ ಮೂಲಕ, ಮತ್ತು ಹಲವು ಸಂಪರ್ಕಗಳಲ್ಲಿ ಅಪ್‌ಲೋಡ್ ವೇಗ ಡೌನ್‌ಲೋಡ್‌ಗಿಂತ ಬಹಳ ಕಡಿಮೆ. ಜೂಮ್ ತಾನೇ ಪ್ರಕಟಿಸಿರುವ ಅಗತ್ಯಗಳ ಪ್ರಕಾರ ಗುಂಪು ಸಭೆಯಲ್ಲಿ 720ಪಿ (ಎಚ್‌ಡಿ ಗುಣಮಟ್ಟದ) ವಿಡಿಯೋಗೆ 2.6 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್) ಅಪ್‌ಲೋಡ್ ಮತ್ತು 1.8 ಎಂಬಿಪಿಎಸ್ ಡೌನ್‌ಲೋಡ್ ಬೇಕು. ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಗುಣಮಟ್ಟಕ್ಕೆ 1 ಎಂಬಿಪಿಎಸ್ ಅಪ್‌ಲೋಡ್ ಮತ್ತು 600 ಕೆಬಿಪಿಎಸ್ (ಸೆಕೆಂಡಿಗೆ ಕಿಲೋಬಿಟ್) ಡೌನ್‌ಲೋಡ್ ಸಾಕು. ಬರೀ ಧ್ವನಿಗೆ 60ರಿಂದ 80 ಕೆಬಿಪಿಎಸ್ ಸಾಕಾಗುತ್ತದೆ. ವಿಡಿಯೋಗೂ ಧ್ವನಿಗೂ ಇರುವ ಈ ಅಂತರವೇ ಈ ಹಂತದ ಸಾರ. ವಿಡಿಯೋ ಮುಚ್ಚಿದರೆ ಹೆಚ್ಚುಕಡಿಮೆ ಯಾವ ಸಂಪರ್ಕದಲ್ಲಾದರೂ ಮಾತು ನಡೆಯುತ್ತದೆ.

ಮೊಬೈಲ್ ಡೇಟಾ ಬಳಸುವವರಿಗೆ ಖರ್ಚಿನ ಲೆಕ್ಕವೂ ಬೇಕು. 1 ಎಂಬಿಪಿಎಸ್ ದರದಲ್ಲಿ ಒಂದು ಗಂಟೆ ದತ್ತಾಂಶ ಹರಿದರೆ 450 ಎಂಬಿ ಆಗುತ್ತದೆ. ಬರುವುದೂ ಹೋಗುವುದೂ ಅದೇ ದರದಲ್ಲಿದ್ದರೆ ಅದು 900 ಎಂಬಿ. 80 ಕೆಬಿಪಿಎಸ್ ಧ್ವನಿಗೆ ಒಂದು ದಿಕ್ಕಿನಲ್ಲಿ ಗಂಟೆಗೆ 36 ಎಂಬಿ ಮಾತ್ರ. ಆದ್ದರಿಂದ ಬರುವ ವಿಡಿಯೋವನ್ನು ಪ್ರತಿಯೊಬ್ಬ ಸದಸ್ಯರೂ ತಮ್ಮ ಕಡೆಯಿಂದಲೇ ನಿಲ್ಲಿಸಿಕೊಳ್ಳಬಹುದಾದ ವೇದಿಕೆಗೆ ಪಟ್ಟಿಯಲ್ಲಿ ಹೆಚ್ಚು ಅಂಕ ಕೊಡಿ. ತಮ್ಮ ಕ್ಯಾಮೆರಾ ಮುಚ್ಚಿದರೆ ಉಳಿತಾಯವಾಗುವುದು ಹೋಗುವ ದತ್ತಾಂಶ ಮಾತ್ರ. ಬರುವ ವಿಡಿಯೋಗಳು ಹರಿಯುತ್ತಲೇ ಇರುತ್ತವೆ ಎಂಬುದು ಅನೇಕರ ಗಮನಕ್ಕೆ ಬರುವುದಿಲ್ಲ.

ವೇಗದ ಜೊತೆ ವಿಳಂಬವನ್ನೂ ನೋಡಿ. ಮಾತು ಒಂದು ತುದಿಯಿಂದ ಇನ್ನೊಂದು ತುದಿ ತಲುಪುವ ಸಮಯ 150 ಮಿಲಿಸೆಕೆಂಡ್ ಒಳಗಿದ್ದರೆ ಸಂಭಾಷಣೆ ಸಹಜವಾಗಿ ಸಾಗುತ್ತದೆ ಎಂಬುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಜಿ.114 ಶಿಫಾರಸಿನ ಮಾನದಂಡ. ವೇಗ ಪರೀಕ್ಷೆಯಲ್ಲಿ ಪಿಂಗ್ ಎಂದು ತೋರಿಸುವ ಅಂಕಿ ಹೋಗಿ ಬರುವ ಎರಡೂ ಪ್ರಯಾಣಗಳದ್ದು. ಒಂದೇ ಕಡೆ ಐದು ಬಾರಿ ಅಳೆದಾಗ ಆ ಅಂಕಿ 30ರಿಂದ 300ರವರೆಗೆ ಹೊಯ್ದಾಡುತ್ತಿದ್ದರೆ, ಡೌನ್‌ಲೋಡ್ ವೇಗ ಎಷ್ಟೇ ಇರಲಿ, ಅಲ್ಲಿ ಮಾತು ತುಂಡು ತುಂಡಾಗಿ ಕೇಳುವುದು ಖಚಿತ. ಬೇರೆ ಆ್ಯಪ್ ಹಾಕಿದರೂ ಇದು ಸರಿಹೋಗದು. ರೂಟರ್ ಹತ್ತಿರ ಕೂರುವುದು ಅಥವಾ ಕಂಪ್ಯೂಟರಿಗೆ ನೆಟ್‌ವರ್ಕ್ ಕೇಬಲ್ ಜೋಡಿಸುವುದು ಪರಿಹಾರ.

ಹಂತ 4: ಕಡ್ಡಾಯವಾದದ್ದನ್ನು ಬೇರ್ಪಡಿಸಿ

ಈವರೆಗಿನ ಟಿಪ್ಪಣಿಯಿಂದ ಇಲ್ಲದಿದ್ದರೆ ಸಭೆಯೇ ನಡೆಯದಂಥ ಅಂಶಗಳನ್ನು ಒಂದು ಕಡೆ, ಇದ್ದರೆ ಒಳ್ಳೆಯದು ಎನ್ನಿಸುವವನ್ನು ಇನ್ನೊಂದು ಕಡೆ ಬರೆಯಿರಿ. ಕಡ್ಡಾಯದ ಸಾಲಿನಲ್ಲಿ ಐದಕ್ಕಿಂತ ಹೆಚ್ಚು ಅಂಶಗಳಾದರೆ ಮತ್ತೊಮ್ಮೆ ಸೋಸಿ. ಹಿನ್ನೆಲೆ ಚಿತ್ರ, ಎಮೋಜಿ, ಮುಖದ ಅಲಂಕಾರ ಇವುಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ; ಹಳೆಯ ಸಾಧನಗಳಲ್ಲಿ ಕೃತಕ ಹಿನ್ನೆಲೆ ಪ್ರೊಸೆಸರಿನ ಮೇಲೆ ಭಾರ ಹೇರಿ ಧ್ವನಿಯನ್ನೇ ಕೆಡಿಸುವುದುಂಟು.

ಕಿವಿ ಮಂದವಾದ ಸದಸ್ಯರಿದ್ದರೆ ನೇರ ಶೀರ್ಷಿಕೆಗಳು (ಆಡಿದ ಮಾತನ್ನು ಆಗಲೇ ಪರದೆಯ ಮೇಲೆ ಅಕ್ಷರಗಳಲ್ಲಿ ತೋರಿಸುವ ಕ್ಯಾಪ್ಶನ್‌ಗಳು) ಕಡ್ಡಾಯದ ಸಾಲಿಗೆ ಬರುತ್ತವೆ. ಆದರೆ ಶೀರ್ಷಿಕೆ ಇದೆ ಎಂಬ ಒಂದು ಸಾಲಿಗೆ ತೃಪ್ತರಾಗದೆ, ನಿಮ್ಮ ಸಭೆ ನಡೆಯುವ ಭಾಷೆಯಲ್ಲಿ ಅದು ಬರುತ್ತದೆಯೇ, ನೀವು ಬಳಸುವ ಯೋಜನೆಯಲ್ಲಿ ಸಿಗುತ್ತದೆಯೇ ಎಂಬುದನ್ನು ಪ್ರತ್ಯೇಕವಾಗಿ ನೋಡಬೇಕು. ಸಂಜ್ಞಾ ಭಾಷೆಯ ಅನುವಾದಕರು ಇರುವುದಾದರೆ ಅವರ ಚಿತ್ರವನ್ನು ಪರದೆಯಲ್ಲಿ ಪಿನ್ ಮಾಡಿ ಸ್ಥಿರವಾಗಿ ಇರಿಸಿಕೊಳ್ಳಲು ಸಾಧ್ಯವಾಗಬೇಕು.

ಹಂತ 5: ವೇದಿಕೆಗಳನ್ನು ಪಟ್ಟಿಯ ಎದುರು ಇಟ್ಟು ನೋಡಿ

ಹೆಸರುಗಳಿಗೆ ಈಗ ಸಮಯ ಬಂದಿದೆ. ಜೂಮ್‌ನ ಉಚಿತ ಯೋಜನೆಯಲ್ಲಿ 100 ಜನ ಸೇರಬಹುದು, ಸಭೆ 40 ನಿಮಿಷಕ್ಕೆ ಕೊನೆಗೊಳ್ಳುತ್ತದೆ. ಗೂಗಲ್ ಮೀಟ್‌ನ ಉಚಿತ ಬಳಕೆಯಲ್ಲೂ 100 ಜನರ ಮಿತಿಯಿದ್ದು, ಮೂವರು ಅಥವಾ ಅದಕ್ಕಿಂತ ಹೆಚ್ಚು ಜನರ ಸಭೆಗೆ 60 ನಿಮಿಷ ದೊರೆಯುತ್ತದೆ. ಮೈಕ್ರೋಸಾಫ್ಟ್ ಟೀಮ್ಸ್‌ನ ಉಚಿತ ಆವೃತ್ತಿಯ ಗುಂಪು ಸಭೆಗೂ 60 ನಿಮಿಷ, 100 ಜನ. ವಾಟ್ಸ್‌ಆ್ಯಪ್ ಗುಂಪು ಕರೆಯಲ್ಲಿ 32 ಜನ ಸೇರಬಹುದು. ಹೆಚ್ಚಿನವರ ಫೋನಿನಲ್ಲಿ ಅದು ಮೊದಲೇ ಇರುವುದರಿಂದ ಚಿಕ್ಕ ಗುಂಪಿನ ಚಿಕ್ಕ ಮಾತುಕತೆಗೆ ಬೇರೆ ವೇದಿಕೆಯನ್ನು ಹುಡುಕುವ ಅಗತ್ಯವೇ ಇಲ್ಲ ಎನ್ನಬಹುದು. ಕಂಪನಿಗಳು ಈ ಮಿತಿಗಳನ್ನು ಆಗಾಗ ಬದಲಿಸುವುದರಿಂದ, ಸಭೆ ಗೊತ್ತುಮಾಡುವ ವಾರದಲ್ಲೇ ಆಯಾ ಸೇವೆಯ ಯೋಜನೆಗಳ ಪುಟವನ್ನು ತೆರೆದು ಅಂಕಿಗಳನ್ನು ಮತ್ತೊಮ್ಮೆ ತಾಳೆ ನೋಡಿ.

ಜಿಟ್ಸಿ ಮೀಟ್ ಮುಕ್ತ ತಂತ್ರಾಂಶ. ಕಂಪ್ಯೂಟರಿನಲ್ಲಿ ಏನನ್ನೂ ಹಾಕದೆ ಬ್ರೌಸರ್‌ನಿಂದ ಸೇರಬಹುದು, ಸೇರುವವರಿಗೆ ಖಾತೆಯೂ ಬೇಡ. ಅದರ ಸಾರ್ವಜನಿಕ ಸರ್ವರಿನಲ್ಲಿ ಸಭೆ ತೆರೆಯುವವರು ಮಾತ್ರ 2023ರಿಂದ ಯಾವುದಾದರೂ ಒಂದು ಖಾತೆಯ ಮೂಲಕ ಲಾಗಿನ್ ಆಗಬೇಕು. ಬಿಗ್‌ಬ್ಲೂಬಟನ್ ಕೂಡ ಮುಕ್ತ ತಂತ್ರಾಂಶವೇ, ತರಗತಿಗಳಿಗೆಂದೇ ರೂಪಿಸಿದ್ದು. ಬಿಳಿಹಲಗೆ, ಮತಗಣನೆ, ಬ್ರೇಕ್‌ಔಟ್ ರೂಮ್ ಎಲ್ಲವೂ ಅದರಲ್ಲಿವೆ. ಆದರೆ ಅದನ್ನು ಸ್ವಂತ ಸರ್ವರಿನಲ್ಲಿ ನಡೆಸಬಲ್ಲ ವ್ಯಕ್ತಿ ಗುಂಪಿನಲ್ಲಿ ಇಲ್ಲದಿದ್ದರೆ ಆ ಹೆಸರನ್ನು ಪಟ್ಟಿಯಿಂದ ತೆಗೆಯುವುದೇ ಜಾಣತನ. ಸರ್ವರ್ ನೋಡಿಕೊಳ್ಳುವುದು ಬಿಡುವಿನ ವೇಳೆಯ ಕೆಲಸವಲ್ಲ.

ಇಲ್ಲಿ ಜನ ಹೆಚ್ಚು ಎಡವುವುದು ಒಂದು ಸೌಲಭ್ಯ ಆ್ಯಪ್‌ನಲ್ಲಿ ಇದೆ ಎಂಬುದಕ್ಕೂ, ತಮ್ಮ ಯೋಜನೆಯಲ್ಲಿ, ತಮ್ಮ ಸಾಧನದಲ್ಲಿ ಇದೆ ಎಂಬುದಕ್ಕೂ ಇರುವ ವ್ಯತ್ಯಾಸದ ಮೇಲೆ. ಜೂಮ್‌ನ ಉಚಿತ ಯೋಜನೆಯಲ್ಲಿ ಸಭೆಯನ್ನು ಕಂಪ್ಯೂಟರಿಗೆ ರೆಕಾರ್ಡ್ ಮಾಡಿಕೊಳ್ಳಬಹುದು. ಫೋನಿನಿಂದ ಮಾಡುವ ರೆಕಾರ್ಡಿಂಗ್ ಕ್ಲೌಡ್‌ಗೆ, ಅಂದರೆ ಕಂಪನಿಯ ಸರ್ವರಿಗೆ, ಹೋಗುವಂಥದ್ದಾದ್ದರಿಂದ ಅದಕ್ಕೆ ಹಣ ಕೊಡಬೇಕು. ಗೂಗಲ್ ಮೀಟ್‌ನ ರೆಕಾರ್ಡಿಂಗ್ ಮತ್ತು ಬ್ರೇಕ್‌ಔಟ್ ರೂಮ್ ಹಣ ಕೊಡುವ ಯೋಜನೆಗಳಲ್ಲಿವೆ. ಫೋನಿನ ಬ್ರೌಸರ್‌ನಿಂದ ಸೇರಿದವರು ಯಾವ ವೇದಿಕೆಯಲ್ಲೂ ತಮ್ಮ ಪರದೆಯನ್ನು ಹಂಚಿಕೊಳ್ಳಲಾರರು, ಏಕೆಂದರೆ ಮೊಬೈಲ್ ಬ್ರೌಸರ್‌ಗಳು ಆ ಸೌಲಭ್ಯವನ್ನೇ ಒದಗಿಸುವುದಿಲ್ಲ. ಅದಕ್ಕೆ ಆ್ಯಪ್ ಹಾಕಲೇಬೇಕು. ಆದ್ದರಿಂದ ಪಟ್ಟಿಯಲ್ಲಿ ಪ್ರತಿ ಸೌಲಭ್ಯದ ಎದುರು ಯೋಜನೆ, ಕಂಪ್ಯೂಟರ್ ಆ್ಯಪ್, ಫೋನ್ ಆ್ಯಪ್, ಬ್ರೌಸರ್ ಎಂಬ ನಾಲ್ಕು ಕಾಲಂಗಳನ್ನು ಇರಿಸಿ. ಈ ಕೆಲಸ ಬೇಸರ ತರಿಸುವಂಥದ್ದು ನಿಜ, ಆದರೆ ಅರ್ಧದಷ್ಟು ಹೆಸರುಗಳು ಇಲ್ಲೇ ಉದುರಿ ಹೋಗುತ್ತವೆ.

ಹಂತ 6: ಬಾಗಿಲು ಮತ್ತು ದಾಖಲೆ

ಲಿಂಕ್ ಇದ್ದವರೆಲ್ಲ ಒಳಗೆ ಬರಬಹುದಾದ ಸಭೆಗೆ ಅಪರಿಚಿತರು ನುಗ್ಗಿ ಕಿರುಚಾಡಿ ಹಾಳುಗೆಡವಿದ ಘಟನೆಗಳು 2020ರಲ್ಲಿ ಎಷ್ಟು ನಡೆದವೆಂದರೆ, ಜೂಮ್ ಅದೇ ವರ್ಷ ಏಪ್ರಿಲ್‌ನಲ್ಲಿ ಪಾಸ್‌ವರ್ಡ್ ಮತ್ತು ವೇಟಿಂಗ್ ರೂಮ್‌ಗಳನ್ನು ತಾನಾಗಿಯೇ ಚಾಲೂ ಇರುವಂತೆ ಬದಲಿಸಿತು. ನೀವು ಆರಿಸುವ ವೇದಿಕೆಯಲ್ಲಿ ಕನಿಷ್ಠ ಇವು ಇರಬೇಕು: ಸೇರುವವರನ್ನು ಹೊರಗೆ ನಿಲ್ಲಿಸಿ ಒಬ್ಬೊಬ್ಬರಾಗಿ ಒಳಬಿಡುವ ವ್ಯವಸ್ಥೆ (ವೇಟಿಂಗ್ ರೂಮ್), ಪ್ರತಿ ಸಭೆಗೆ ಹೊಸ ಲಿಂಕ್, ಪರದೆ ಹಂಚುವ ಅಧಿಕಾರವನ್ನು ಆತಿಥೇಯರಿಗೆ ಸೀಮಿತಗೊಳಿಸುವ ಆಯ್ಕೆ, ತೊಂದರೆ ಕೊಡುವವರನ್ನು ಹೊರಹಾಕಿದ ಮೇಲೆ ಮರಳಿ ಬಾರದಂತೆ ತಡೆಯುವ ಆಯ್ಕೆ. ಒಂದೇ ಲಿಂಕನ್ನು ವರ್ಷಗಟ್ಟಲೆ ಬಳಸುವುದು ಸುಲಭ. ಯಾವಾಗಲೋ ಗುಂಪು ಬಿಟ್ಟುಹೋದವರ ಕೈಯಲ್ಲೂ ಆ ಲಿಂಕ್ ಇರುತ್ತದೆ.

ಗೋಪ್ಯ ವಿಷಯ ಚರ್ಚಿಸುವವರು ತುದಿಯಿಂದ ತುದಿಗೆ ಗೂಢಲಿಪೀಕರಣ (ಸಭೆಯಲ್ಲಿರುವವರ ಹೊರತು ಸೇವೆ ಕೊಡುವ ಕಂಪನಿಗೂ ಮಾತು ಕೇಳದಂತೆ ಮಾಡುವ ವ್ಯವಸ್ಥೆ) ಇರುವುದನ್ನು ನೋಡಬೇಕು. ಸಿಗ್ನಲ್ ಮತ್ತು ವಾಟ್ಸ್‌ಆ್ಯಪ್ ಕರೆಗಳಲ್ಲಿ ಅದು ಸದಾ ಚಾಲೂ ಇರುತ್ತದೆ. ಜೂಮ್‌ನಲ್ಲಿ ಅದನ್ನು ನೀವೇ ಚಾಲೂ ಮಾಡಬೇಕು, ಮಾಡಿದಾಗ ಕ್ಲೌಡ್ ರೆಕಾರ್ಡಿಂಗ್ ಮತ್ತು ಸಾಮಾನ್ಯ ದೂರವಾಣಿಯಿಂದ ಕರೆ ಮಾಡಿ ಸೇರುವ ಸೌಲಭ್ಯ ನಿಲ್ಲುತ್ತವೆ. ಎರಡನೆಯ ಹಂತದಲ್ಲಿ ಗುರುತಿಸಿದ ಸದಸ್ಯರು ದೂರವಾಣಿಯಿಂದ ಸೇರುವವರಾಗಿದ್ದರೆ ಈ ಒಂದು ಗುಂಡಿ ಅವರನ್ನು ಹೊರಗಿಡುತ್ತದೆ.

ರೆಕಾರ್ಡ್ ಮಾಡುವುದಾದರೆ ಎಲ್ಲರ ಒಪ್ಪಿಗೆಯನ್ನು ಆರಂಭದಲ್ಲೇ ಪಡೆಯಿರಿ, ಕಡತ ಎಲ್ಲಿ ಉಳಿಯುತ್ತದೆ ಮತ್ತು ಯಾವಾಗ ಅಳಿಸಲಾಗುತ್ತದೆ ಎಂಬುದನ್ನೂ ಹೇಳಿ. ಈಚೆಗೆ ಸದಸ್ಯರೊಬ್ಬರ ಪರವಾಗಿ ಟಿಪ್ಪಣಿ ಬರೆದುಕೊಳ್ಳುವ ಬಾಟ್‌ಗಳು (ಸ್ವಯಂಚಾಲಿತ ತಂತ್ರಾಂಶಗಳು) ತಾವೇ ಒಬ್ಬ ಸದಸ್ಯನಂತೆ ಸಭೆಗೆ ಸೇರುತ್ತಿವೆ. ವೇಟಿಂಗ್ ರೂಮ್‌ನಲ್ಲಿ ಗುರುತಿಲ್ಲದ ಹೆಸರು ಕಂಡರೆ ಒಳಬಿಡುವ ಮೊದಲು ಅದು ಯಾರದ್ದೆಂದು ಕೇಳುವುದು ಆತಿಥೇಯರ ಕೆಲಸ.

ಹಂತ 7: ಪ್ರಾಯೋಗಿಕ ಸಭೆ ನಡೆಸಿ

ಈ ಹಂತವನ್ನು ಬಿಟ್ಟವರೇ ಮತ್ತೆ ಮತ್ತೆ ಸೋಲುವವರು. ಪಟ್ಟಿಯಲ್ಲಿ ಉಳಿದ ಎರಡು ವೇದಿಕೆಗಳನ್ನು ಮಾತ್ರ ಪರೀಕ್ಷೆಗೆ ತೆಗೆದುಕೊಳ್ಳಿ, ಮತ್ತು ನಿಮ್ಮನ್ನೂ ಸೇರಿಸಿ ಕನಿಷ್ಠ ಮೂವರು ಇರಲಿ. ಇಬ್ಬರೇ ಮಾಡಿದ ಪರೀಕ್ಷೆ ಮೋಸ ಮಾಡುತ್ತದೆ: ಜಿಟ್ಸಿಯಂಥ ವೇದಿಕೆಗಳು ಇಬ್ಬರಿದ್ದಾಗ ಎರಡು ಸಾಧನಗಳನ್ನು ನೇರವಾಗಿ ಜೋಡಿಸುತ್ತವೆ, ಮೂರನೆಯವರು ಬಂದ ಕೂಡಲೇ ಸಂಪರ್ಕವನ್ನು ಸರ್ವರ್ ಮೂಲಕ ಹಾಯಿಸುತ್ತವೆ. ಇಬ್ಬರಿಗೆ ಸೊಗಸಾಗಿ ನಡೆದದ್ದು ಮೂವರಿಗೆ ಹಾಗೇ ನಡೆಯುತ್ತದೆ ಎನ್ನುವಂತಿಲ್ಲ. ಪರೀಕ್ಷೆಯ ಹೊತ್ತನ್ನೂ ನಿಜವಾದ ಸಭೆಯ ಹೊತ್ತಿಗೇ ಇರಿಸಿ. ಸಂಜೆಯ ಸಭೆಗೆ ಬೆಳಗಿನ ಪರೀಕ್ಷೆ ಉಪಯೋಗಕ್ಕೆ ಬಾರದು, ಏಕೆಂದರೆ ಸಂಜೆ ಎಲ್ಲರೂ ಇಂಟರ್ನೆಟ್ ಬಳಸುವಾಗ ವೇಗ ಇಳಿಯುತ್ತದೆ.

ಮೊದಲು ಲಿಂಕನ್ನು ಯಾವ ವಿವರಣೆಯೂ ಇಲ್ಲದೆ ಕಳುಹಿಸಿ, ಪಳಗದ ಸದಸ್ಯರು ಲಿಂಕ್ ಒತ್ತಿದಾಗಿನಿಂದ ಅವರ ಧ್ವನಿ ನಿಮಗೆ ಕೇಳುವವರೆಗೆ ಎಷ್ಟು ಹೊತ್ತಾಯಿತು, ಎಲ್ಲಿ ತಡವರಿಸಿದರು ಎಂಬುದನ್ನು ಬರೆದುಕೊಳ್ಳಿ. ಹೆಚ್ಚಿನವರು ನಿಲ್ಲುವುದು ಒಂದೇ ಕಡೆ: ಮೈಕ್ ಬಳಸಲು ಅನುಮತಿ ಕೊಡಬೇಕೇ ಎಂದು ಬ್ರೌಸರ್ ಕೇಳಿದಾಗ ಗಾಬರಿಯಿಂದ ಬೇಡ ಎಂದು ಒತ್ತಿರುತ್ತಾರೆ. ಒಮ್ಮೆ ಬೇಡ ಎಂದ ಮೇಲೆ ಬ್ರೌಸರ್ ಸಾಮಾನ್ಯವಾಗಿ ಮತ್ತೆ ಕೇಳುವುದಿಲ್ಲ. ಬ್ರೌಸರ್‌ನ ಮೇಲಿರುವ ವಿಳಾಸಪಟ್ಟಿಯ (ಅಡ್ರೆಸ್ ಬಾರ್) ಎಡತುದಿಯಲ್ಲಿರುವ ಚಿಹ್ನೆಯನ್ನು ಒತ್ತಿ ಅನುಮತಿಯನ್ನು ಬದಲಿಸಿ, ಪುಟವನ್ನು ಮತ್ತೆ ತೆರೆಯಬೇಕು.

ನಂತರ ಪರದೆ ಹಂಚಿ ನೋಡಿ. ಮ್ಯಾಕ್ ಕಂಪ್ಯೂಟರಿನಲ್ಲಿ ಮೊದಲ ಬಾರಿ ಪರದೆ ಹಂಚುವಾಗ ಸಿಸ್ಟಂ ಸೆಟ್ಟಿಂಗ್ಸ್‌ಗೆ ಹೋಗಿ ಅನುಮತಿ ಕೊಟ್ಟು, ಆ್ಯಪನ್ನು ಮುಚ್ಚಿ ಮತ್ತೆ ತೆರೆಯಬೇಕಾಗುತ್ತದೆ. ಸಭೆಯ ನಡುವೆ ಇದು ಎದುರಾದರೆ ಮಾತನಾಡುತ್ತಿರುವವರೇ ಸಭೆಯಿಂದ ಹೊರಹೋಗಿ ಬರಬೇಕು. ವಿಡಿಯೋ ತುಣುಕನ್ನು ತೋರಿಸುವ ಉದ್ದೇಶವಿದ್ದರೆ ಧ್ವನಿಯನ್ನೂ ಹಂಚುವ ಆಯ್ಕೆಗೆ ಗುರುತು ಹಾಕಿದ್ದೀರಾ ನೋಡಿಕೊಳ್ಳಿ. ಇಲ್ಲದಿದ್ದರೆ ತೋರಿಸುವವರಿಗೆ ಮಾತ್ರ ಧ್ವನಿ ಕೇಳುತ್ತಿರುತ್ತದೆ, ಉಳಿದವರು ಮೂಕಚಿತ್ರ ನೋಡುತ್ತಿರುತ್ತಾರೆ. ಹಾಡು ಅಥವಾ ವಾದ್ಯ ಕಲಿಸುವ ಗುಂಪಾದರೆ ಇನ್ನೊಂದು ಪರೀಕ್ಷೆ ಬೇಕು. ಗದ್ದಲವನ್ನು ಸೋಸುವ ತಂತ್ರಜ್ಞಾನ ಶ್ರುತಿಯನ್ನೂ ಗದ್ದಲವೆಂದೇ ಭಾವಿಸಿ ಅಳಿಸುತ್ತದೆ. ಜೂಮ್‌ನ ಮೂಲ ಧ್ವನಿ (ಒರಿಜಿನಲ್ ಸೌಂಡ್) ಆಯ್ಕೆಯಂತೆ ಅದನ್ನು ನಿಲ್ಲಿಸುವ ಅವಕಾಶ ವೇದಿಕೆಯಲ್ಲಿ ಇರಬೇಕು.

ಕೊನೆಯದಾಗಿ, ಆತಿಥೇಯರ ಇಂಟರ್ನೆಟನ್ನು ಬೇಕೆಂದೇ ಕತ್ತರಿಸಿ. ಸಭೆ ಮುಂದುವರಿಯುತ್ತದೆಯೇ, ಆತಿಥ್ಯ ಯಾರಿಗೆ ಹೋಗುತ್ತದೆ, ಮರಳಿ ಬಂದ ಆತಿಥೇಯರು ವೇಟಿಂಗ್ ರೂಮ್‌ನಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆಯೇ ಎಂಬುದನ್ನು ಈಗಲೇ ನೋಡಿಬಿಡಿ. ಸಹ-ಆತಿಥೇಯರನ್ನು ನೇಮಿಸಲು ಬಿಡದ ವೇದಿಕೆ ಹತ್ತಕ್ಕಿಂತ ಹೆಚ್ಚು ಜನರ ಸಭೆಗೆ ತಕ್ಕದ್ದಲ್ಲ ಎಂಬುದು ನನ್ನ ಅಭಿಪ್ರಾಯ.

ಹಂತ 8: ಆಯ್ಕೆಯನ್ನು ಸ್ಥಿರಪಡಿಸಿ, ಬದಲಿಯನ್ನೂ ಇಟ್ಟುಕೊಳ್ಳಿ

ಎರಡೂ ವೇದಿಕೆಗಳು ಪರೀಕ್ಷೆಯಲ್ಲಿ ಗೆದ್ದರೆ ಹೆಚ್ಚು ಸೌಲಭ್ಯಗಳಿರುವುದನ್ನು ಬಿಟ್ಟು, ಪಳಗದ ಸದಸ್ಯರು ಬೇಗ ಒಳಬಂದದ್ದನ್ನು ಆರಿಸಿ. ಇನ್ನೊಂದನ್ನು ಬದಲಿಯಾಗಿ ಇರಿಸಿಕೊಂಡು ಅದರ ಲಿಂಕನ್ನೂ ಆಹ್ವಾನದಲ್ಲೇ ಸೇರಿಸಿ, ಎಷ್ಟು ನಿಮಿಷ ಕಾದು ಅಲ್ಲಿಗೆ ಹೋಗಬೇಕು ಎಂಬುದನ್ನೂ ಬರೆಯಿರಿ. ಸಭೆ ಕೆಟ್ಟಾಗ ಬದಲಿ ಲಿಂಕ್ ಹುಡುಕಿ ಕಳುಹಿಸುವಷ್ಟರಲ್ಲಿ ಜನ ಚದುರಿರುತ್ತಾರೆ.

ಖಾತೆ ಯಾರ ಹೆಸರಿನಲ್ಲಿ ಇರಬೇಕು ಎಂಬುದನ್ನು ಮೊದಲೇ ತೀರ್ಮಾನಿಸಿ. ಒಬ್ಬರ ವೈಯಕ್ತಿಕ ಇಮೇಲ್‌ಗೆ ಕಟ್ಟಿದ ಖಾತೆಯಲ್ಲಿ ಗುಂಪಿನ ರೆಕಾರ್ಡಿಂಗ್‌ಗಳು, ಹಾಜರಿ ಪಟ್ಟಿಗಳು ಸಂಗ್ರಹವಾಗಿ, ಅವರು ಗುಂಪು ಬಿಟ್ಟ ದಿನ ಎಲ್ಲವೂ ಅವರೊಡನೆ ಹೋಗುತ್ತವೆ. ಗುಂಪಿನದೇ ಒಂದು ಇಮೇಲ್ ತೆರೆದು, ಪಾಸ್‌ವರ್ಡ್ ಇಬ್ಬರ ಬಳಿ ಇರುವಂತೆ ನೋಡಿಕೊಳ್ಳಿ. ಮುಖ್ಯ ದಾಖಲೆಗಳ ಒಂದು ಪ್ರತಿ ವೇದಿಕೆಯ ಹೊರಗೂ ಇರಲಿ: ಬಹುಕಾಲ ಬಳಕೆಯಲ್ಲಿದ್ದ ಸ್ಕೈಪ್ ಸೇವೆಯೇ 2025ರ ಮೇ 5ರಂದು ನಿಂತಿತು.

ಅಪಾಯದ ಸೂಚನೆಗಳು: ದೋಷ ಎಲ್ಲಿದೆ?

ವೇದಿಕೆಯನ್ನು ಬದಲಿಸುವ ಮೊದಲು ದೋಷ ಅದರದ್ದೇ ಎಂದು ಖಚಿತಪಡಿಸಿಕೊಳ್ಳಿ. ಪ್ರತಿಧ್ವನಿ ಕೇಳುತ್ತಿದ್ದರೆ ಬಹುತೇಕ ಒಂದೇ ಕೋಣೆಯಲ್ಲಿ ಎರಡು ಸಾಧನಗಳು ಸಭೆಗೆ ಸೇರಿವೆ, ಇಲ್ಲವೇ ಯಾರದೋ ಸ್ಪೀಕರಿನ ಧ್ವನಿ ಅವರದೇ ಮೈಕಿಗೆ ಮರಳಿ ಹೋಗುತ್ತಿದೆ. ಇದರಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಪ್ರತಿಧ್ವನಿ ಕೇಳಿಸದೇ ಇರುವ ವ್ಯಕ್ತಿಯೇ ಸಾಮಾನ್ಯವಾಗಿ ಅದರ ಮೂಲ; ಒಬ್ಬೊಬ್ಬರನ್ನಾಗಿ ಮ್ಯೂಟ್ ಮಾಡುತ್ತ ಹೋದರೆ ಸಿಕ್ಕಿಬೀಳುತ್ತಾರೆ. ಬ್ಲೂಟೂತ್ ಇಯರ್‌ಫೋನ್ ಹಾಕಿದವರ ಧ್ವನಿ ಮಂಕಾಗಿ ಬಂದರೆ, ಮೈಕ್ ಬಳಸುವಾಗ ಅಂಥ ಸಾಧನಗಳು ಕಡಿಮೆ ಗುಣಮಟ್ಟದ ವಿಧಾನಕ್ಕೆ ಇಳಿಯುವುದು ಕಾರಣ. ತಂತಿಯದ್ದನ್ನು ಹಾಕಿಸಿ ನೋಡಿ. ಒಬ್ಬರೇ ಪದೇ ಪದೇ ಕಡಿದುಹೋಗುತ್ತಿದ್ದರೆ ಸಂಪರ್ಕ ಅವರದ್ದು ಕೆಟ್ಟಿದೆ.

ಬೇರೆ ಬೇರೆ ಊರುಗಳಲ್ಲಿರುವ, ಬೇರೆ ಬೇರೆ ಸಂಪರ್ಕ ಬಳಸುವ ಹಲವರಿಗೆ ಒಂದೇ ಕ್ಷಣದಲ್ಲಿ ತೊಂದರೆಯಾದರೆ ಮಾತ್ರ ಅನುಮಾನ ವೇದಿಕೆಯ ಮೇಲೆ ಹೋಗಲಿ. ಸತತ ಎರಡು ಸಭೆಗಳಲ್ಲಿ ಹೀಗಾದರೆ, ಸದಸ್ಯರು ಮುಖ್ಯ ಮಾತನ್ನು ಸಭೆ ಮುಗಿದ ಮೇಲೆ ಬೇರೆ ಆ್ಯಪ್‌ನಲ್ಲಿ ಆಡಲಾರಂಭಿಸಿದರೆ, ಅಥವಾ ಉಚಿತ ಮಿತಿ ದಾಟಲು ಪ್ರತಿ ಬಾರಿಯೂ ಲಿಂಕ್ ಮುರಿದು ಮತ್ತೆ ಸೇರುವ ಉಪಾಯ ರೂಢಿಯಾದರೆ, ಐದನೆಯ ಹಂತದ ಪಟ್ಟಿಯನ್ನು ಮತ್ತೆ ತೆರೆಯಿರಿ. ಒಂದರಿಂದ ನಾಲ್ಕರವರೆಗಿನ ಟಿಪ್ಪಣಿಗಳು ಆಗಲೂ ಕೆಲಸಕ್ಕೆ ಬರುತ್ತವೆ, ಸದಸ್ಯರ ಸಾಧನ ಮತ್ತು ಸಂಪರ್ಕದ ಕಾಲಂಗಳನ್ನು ಮಾತ್ರ ಹೊಸದಾಗಿ ಕೇಳಿ ತುಂಬಬೇಕು.